ನಿನ್ನ ನೀಲಿ ಉಣ್ಣೆಯಂಗಿ

ಮಗಳೇ ಲತಾ,

ನೀನಿಲ್ಲದ ಮನೆಯ ವರ್ತಮಾನವನ್ನು ನಿನಗೇ ಒಪ್ಪಿಸುವ ಗತಿ ನನಗೆ ಬಂದಿದೆ. ಸತ್ತವರ ಬಟ್ಟೆಗಳನ್ನು ಹೊಳೆಗೆ ಬಿಡುವ ಪದ್ಧತಿಯಂತೆ ನಿನ್ನ ಸೋದರತ್ತೆ ಶಕುಂತಲಮ್ಮ ಈ ಬೆಳಿಗ್ಗೆ ನಿನ್ನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿದಳು. ನಿನ್ನ ಮಗಳು ರೂಪಶ್ರೀಯನ್ನು ಒಂದು ಮಾತು ಕೇಳಲಿಲ್ಲ. ಹದಿನೈದರ ಹುಡುಗಿಗೆ ಏನು ತಿಳಿಯುತ್ತದೆ ಎಂಬ ಉದ್ಧಟತನ!

ಹರಿಹರದಲ್ಲಿ, ಹೊಳೆಯ ಮೆಟ್ಟಿಲ ಮೇಲೆ ಗಂಟು ಬಿಚ್ಚಿದೊಡನೆ ರೂಪಶ್ರೀ ನಿನ್ನ ನೀಲಿ ಉಣ್ಣೆಯಂಗಿಯನ್ನು ಕಸಿದುಕೊಂಡು ಎದೆಗವಚಿಕೊಂಡಳು.

"ಬಿಡವ್ವ, ಸತ್ತೋರ ಬಟ್ಟೆ ಮನ್ಯಾಗ ಇಟ್ಕಬಾರ್ದು. ತಿಂಗ್ಳಾತು, ಇನ್ನೂ ಎಷ್ಟಂತ ಅಳ್ತಿ? ಜನ ನೋಡ್ತಾರೆ," ಎಂದು ಶಕುಂತಲಮ್ಮ ಅವಳ ತೋಳು ಎಳೆದಳು.

"ಅಮ್ಮನ ವಾಸ್ನೆ ಇದ್ರಾಗಷ್ಟೇ ಐತೆ. ಕೊಡಲ್ಲ!"

ನನಗೆ ಮೈಯೆಲ್ಲ ಉರಿಯಿತು. "ಕೈ ಬಿಡು, ಶಕುಂತಲಾ. ಜನ ನೋಡಲಿ. ತಾಯಿಯನ್ನು ಕಳೆದುಕೊಂಡ ಮಗು ಅಳದೆ ಮತ್ತಾರು ಅಳಬೇಕು?" ಎಂದು ಗದರಿದೆ. ಉಣ್ಣೆಯಂಗಿ ನಮ್ಮೊಡನೆ ಮರಳಿತು.

ದಾವಣಗೆರೆಗೆ ಬರುವ ಬಸ್ಸಿನಲ್ಲಿ ರೂಪಶ್ರೀ ಕೇಳಿದಳು: "ಅಜ್ಜ, ನೀನ್ಯಾಕ ಒಂದ್ಸಲಾನೂ ಅಳಲಿಲ್ಲ? ನಿಂಗೆ ಅಮ್ಮ ನೆನಪಾಗಲ್ಲೇನು?"

ನಿಟ್ಟುವಳ್ಳಿಯ ಮನೆ ತಲುಪಿದರೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಾತು ಬಲ್ಲವನೆಂಬ ನನ್ನ ಹಮ್ಮಿಗೆ ಬೆಂಕಿ ಬೀಳಲಿ! ನಿನ್ನ ಮೇಲೂ ಸಿಟ್ಟಿದೆ, ಲತಾ. ನಿನ್ನನ್ನು ಬಲಿ ತೆಗೆದುಕೊಂಡ ಜ್ವರವನ್ನು ನೀನು ಮುಚ್ಚಿಟ್ಟುಕೊಂಡು ಓಡಾಡಿದೆ. ಅಪ್ಪನಿಗೆ ಹೇಳಬೇಕೆಂದು ನಿನಗೆ ಅನ್ನಿಸಲೇ ಇಲ್ಲ.

ಅವಳಿಗೆ ಕೊಡಬೇಕಾದ ಉತ್ತರವನ್ನು, ಓದಲಾರದ ನಿನಗೆ ಬರೆಯುತ್ತ ಕುಳಿತಿದ್ದೇನೆ. ಎಂಥ ಹೇಡಿತನ! ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಇಷ್ಟಕ್ಕೆ ನಿಲ್ಲಿಸಿ, ಎದ್ದು ಹೋಗುತ್ತೇನೆ.

ನಿನ್ನ ಅಪ್ಪ