ಪಾಡ್ಯಕ್ಕೆ ಮುಂಚಿನ ಐದು ಪಾವತಿ

ಸೊಲ್ಲಾಪುರ
ಶನಿವಾರ, ಮಧ್ಯಾಹ್ನ

ಅಕ್ಕಲಕೋಟದ ನಮ್ಮ ರತ್ನಕ್ಕನಿಗೆ, ನೆಗೆಣ್ಣಿ ಗಿರಿಜಾ ತಲೆಬಾಗಿ ಬರೆಯುವುದು.

ಅಕ್ಕಾ, ಈ ಪತ್ರವನ್ನು ನಿಲೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ರೊಟ್ಟಿಯ ಡಬ್ಬಿಗಳ ಜೊತೆ ತಂದುಕೊಡುತ್ತಾನೆ. ನಿಮ್ಮ ಮಗ ಮರಾಠಿ ಸಾಲಿ ಕಲಿತವನು, ಕನ್ನಡ ಅಕ್ಷರ ಅವನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಅಂಟು ಸಹ ಹಚ್ಚಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರು ಹೋಗುವ ತನಕ ತೆರೆಯಬೇಡಿ. ಬಿಪಿ ಗುಳಿಗೆ ತೆಗೆದುಕೊಂಡಿದ್ದೀರೋ ಇಲ್ಲವೋ ನೋಡಿ, ಆಮೇಲೆ ಓದಿ.

ಫೋನಿನಲ್ಲಿ ಹೇಳಬೇಕೆಂದು ನಿನ್ನೆಯಿಂದ ಮೂರು ಸಲ ಹಚ್ಚಿದೆ. ಮೂರು ಸಲವೂ ನೀವು "ಏನವಾ ಗಿರಿಜಾ, ಊಟಾತೇನು?" ಅಂದಿರಿ. ನಾನು "ಆತ್ರಿ ಅಕ್ಕಾ" ಅಂದೆ. ಶೇಂಗಾ ಚಟ್ನಿಯಲ್ಲಿ ಖಾರ ಹೆಚ್ಚಾಗಿದೆಯೇ ಎಂದು ಕೇಳಿ ಇಟ್ಟುಬಿಟ್ಟೆ. ಬಾಯಿಗೆ ಬಂದದ್ದು ಹಾಗೇ ಒಳಗೆ ಹೋಯಿತು.

ವಿಷಯ ಇಷ್ಟು. ಇಲ್ಲಿ ವಿಜಾಪುರ ರಸ್ತೆಯ ನಿಮ್ಮ ಮನೆ ಕೈಬಿಟ್ಟು ಹೋಗುವ ಹಾಗಾಗಿದೆ. ಹಾಗೆ ಮಾಡಿದವಳು ನಾನು. ಬೇರೆ ಯಾರೂ ಅಲ್ಲ.

ಎರಡು ವರ್ಷದ ಹಿಂದೆ ರೊಟ್ಟಿ ಮಶೀನಿಗೆಂದು ಪುಣೆಯ ಫೈನಾನ್ಸಿನವರಿಂದ ನಲವತ್ತು ಲಕ್ಷ ತೆಗೆದುಕೊಂಡಾಗ ನಾವಿಬ್ಬರೂ ಪಕ್ಕಪಕ್ಕ ಕುಳಿತು ಸಹಿ ಮಾಡಿದೆವಲ್ಲ, ನೆನಪಿದೆಯೇ? ಅರವತ್ತು ಪುಟದ ಇಂಗ್ಲಿಷ್ ಕರಾರು. ಅವರ ಮನುಷ್ಯ ಓದುತ್ತಿದ್ದ, ನಿಲೇಶ ಮರಾಠಿಯಲ್ಲಿ ಹೇಳುತ್ತಿದ್ದ. ನಡುವೆ ಒಂದು ಕಲಮು ಬಂತು. ತಿಂಗಳ ಕಂತು ಕಟ್ಟಿದರೆ ಮುಗಿಯಲಿಲ್ಲ. ಪ್ರತಿ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಲೆಕ್ಕ ಮಾಡಿ, ಎಲ್ಲಾ ಖರ್ಚು ಹೋಗಿ ಖಾತೆಯಲ್ಲಿ ಎಷ್ಟು ಉಳಿದಿರುತ್ತದೋ ಅದರಲ್ಲಿ ನಾಲ್ಕಕ್ಕೆ ಮೂರು ಪಾಲು ಅವರಿಗೆ ಸಾಲದ ಅಸಲಿಗೆ ಕೊಡಬೇಕು. ನಾವೇ ಇಟ್ಟುಕೊಳ್ಳುತ್ತೇವೆ ಅಂದರೆ ಆಗುವುದಿಲ್ಲ, ಕೊಡಲೇಬೇಕು. ಮುಚ್ಚಿಟ್ಟರೆ ಇಡೀ ಸಾಲ ಒಮ್ಮೆಲೇ ತಿರುಗಿ ಕೇಳುತ್ತಾರೆ, ಒತ್ತೆಯಿಟ್ಟ ಮನೆಗೆ ಕೈ ಹಾಕುತ್ತಾರೆ.

ನಾನು ಹೆದರಿ, "ಉಳದದ್ದು ಅಂದ್ರ ಏನ್ರಿ?" ಎಂದು ಕೇಳಿದೆ. ಆ ಮನುಷ್ಯ ನಕ್ಕ. ನೀವು ನನ್ನ ತೊಡೆ ಜಿಗುಟಿ, "ನಿನ್ನ ಕೈಯಾಗ ಎಂದರ ಏನರ ಉಳದೈತೇನು? ಸೈ ಮಾಡ ಸುಮ್ಕ" ಅಂದಿರಿ. ನಾನೂ ನಕ್ಕು ಸಹಿ ಮಾಡಿದೆ. ಮನೆಯ ಕಾಗದ ನೀವು ಚೀಲದಿಂದ ತೆಗೆದುಕೊಟ್ಟಿರಿ. ನಿಮ್ಮ ಯಜಮಾನರು, ನಮ್ಮ ಸಿದ್ದಣ್ಣ ಭಾವನವರು, ಹದಿನೆಂಟು ವರ್ಷ ದುಡಿದು ಕಟ್ಟಿಸಿದ ಮನೆ. "ಲೆಕ್ಕಾ ಗಿರಿಜಾ ನೋಡ್ತಾಳ, ನನಗೇನ ಚಿಂತಿ" ಎಂದು ಫೈನಾನ್ಸಿನವರಿಗೆ ಹೇಳಿ ಎದ್ದಿರಿ.

ನಾನು ಎಂಥವಳು ಎಂದು ನಿಮಗಿಂತ ಹೆಚ್ಚು ಯಾರಿಗೆ ಗೊತ್ತು? ಗ್ಯಾಸ್ ಆರಿಸಿ ಮೂರು ಸಲ ನೋಡುವವಳು. ಆರನೇ ಇಯತ್ತೆಯಲ್ಲಿ ಸಾಲಿ ಬಿಡಿಸಿದ ಮೇಲೆ ನನಗೆ ಬಂದ ವಿದ್ಯೆ ಒಂದೇ, ನಾಳೆಗೆ ತೆಗೆದಿಡುವುದು. ಹಿಟ್ಟಿನ ಡಬ್ಬಿಯಲ್ಲಿ ಇಷ್ಟು, ದಿಂಬಿನ ಕೆಳಗೆ ಇಷ್ಟು. ಇದ್ದದ್ದೆಲ್ಲ ಯಾವುದೋ ಒಂದು ಬರಬಹುದಾದ ಕಷ್ಟದ ಹೆಸರಿನಲ್ಲಿ ಇರುವಾಗ ಉಳಿದದ್ದು ಎಲ್ಲಿಂದ ಬರಬೇಕು ಅಕ್ಕಾ? ಆ ಕಲಮು ನನಗೆ ಅಂದು ಅರ್ಥವಾಗಲಿಲ್ಲ. ಅರ್ಥವಾದದ್ದು ಈ ಮಾರ್ಚಿನಲ್ಲಿ.

ಮೊದಲ ವರ್ಷ ಏನೂ ಉಳಿಯಲಿಲ್ಲ, ಪಾರಾದೆವು. ಈ ವರ್ಷ ರೊಟ್ಟಿಗೆ ಬೇಡಿಕೆ ಬಂತು. ಮಾರ್ಚ್ ಕೊನೆಗೆ ಖಾತೆಯಲ್ಲಿ ಎಂಟು ಲಕ್ಷ ನಿಂತಿತ್ತು. ಅದು ಜೋಳದ ದುಡ್ಡು. ಸಲಗರ ಬುದ್ರುಕದ ಅಮೋಗಸಿದ್ಧನ ಮನೆತನದಿಂದ ವರ್ಷದ ಜೋಳ ಒಮ್ಮೆಲೇ ಕೊಳ್ಳುವ ದುಡ್ಡು. ಅವರ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸ ಜೋಳದ ಎಡೆ ಯುಗಾದಿ ಪಾಡ್ಯದ ದಿನ ಅವರ ದೇವರು ಬಿರೋಬಾನಿಗೆ ಆಗುವ ತನಕ ಅವನು ತೂಕ ಹಾಕುವುದಿಲ್ಲ, ಒಂದು ರೂಪಾಯಿ ಮುಟ್ಟುವುದಿಲ್ಲ. ಈ ಸಲ ಪಾಡ್ಯ ಬರುವುದು ಎಪ್ರಿಲ್ ಒಂಬತ್ತಕ್ಕೆ. ಫೈನಾನ್ಸಿನವರ ಲೆಕ್ಕ ಮಾರ್ಚ್ ಮೂವತ್ತೊಂದಕ್ಕೆ. ನಡುವಿನ ಒಂಬತ್ತು ದಿನಕ್ಕೆ ನಮ್ಮ ಜೋಳದ ದುಡ್ಡು ಅವರ ಕಣ್ಣಿಗೆ ಉಳಿದ ದುಡ್ಡಾಯಿತು. ಎಂಟರಲ್ಲಿ ಆರು ಹೋದರೆ ಇನ್ನೆರಡು ಲಕ್ಷಕ್ಕೆ ಬರುವ ಜೋಳ ಮೂರು ತಿಂಗಳೂ ಸಾಲದು. ಆಮೇಲೆ ರೊಟ್ಟಿ ಕೆಲಸಕ್ಕೆ ಬರುವ ಇಪ್ಪತ್ತೆರಡು ಹೆಣ್ಣುಮಕ್ಕಳಿಗೆ ಏನು ಹೇಳಲಿ? ಕಂತು ಎಲ್ಲಿಂದ ಕಟ್ಟಲಿ?

ಯಾರನ್ನೂ ಕೇಳಲಿಲ್ಲ. ಮಾರ್ಚ್ ಇಪ್ಪತ್ತೆಂಟಕ್ಕೆ ಎಂಟೂ ಲಕ್ಷ ತೆಗೆದೆ. ಅಮೋಗಸಿದ್ಧನ ಮನೆತನದ ಐದು ಮಂದಿಯ ಹೆಸರಿನಲ್ಲಿ ಐದು ಪಾವತಿ ಚೀಟಿ ಬರೆದು, ಜೋಳದ ದುಡ್ಡು ಮುಟ್ಟಿತು ಎಂದು ತೋರಿಸಿದೆ. ಹೆಬ್ಬೆಟ್ಟು ನನ್ನವೇ, ಅಕ್ಕಾ. ಎಡಗೈದು, ಬಲಗೈದು, ಬೇರೆ ಬೇರೆ ಬೆರಳಿನವು. ಹನ್ನೆರಡು ದಿನದ ಮಾತು, ಪಾಡ್ಯ ಆಗುತ್ತಲೇ ನಿಜವಾಗಿಯೂ ಕೊಡುತ್ತೇನಲ್ಲ, ಸುಳ್ಳು ತಾನೇ ಖರೆ ಆಗುತ್ತದೆ ಎಂದುಕೊಂಡೆ.

ದುಡ್ಡು ಎಲ್ಲಿಟ್ಟೆ ಕೇಳಿ. ನಿಮ್ಮ ಮನೆಯಲ್ಲಿ. ನೀವು ಅಂಗಡಿಗೆಂದು ಅಕ್ಕಲಕೋಟಕ್ಕೆ ಹೋಗುವಾಗ ಗಿಡಕ್ಕೆ ನೀರು ಹಾಕಲೆಂದು ನನ್ನ ಹತ್ತಿರ ಕೊಟ್ಟ ಕೀಲಿಯಿಂದ ತೆರೆದು, ಹಿಂದಿನ ಕೋಣೆಯ ತಗಡಿನ ಕಣಜದೊಳಗೆ, ಹಳೆ ಜೋಳದ ಅಡಿಯಲ್ಲಿ. ನಮ್ಮ ಮನೆಯಲ್ಲಿ ಇಟ್ಟರೆ ನಾನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿ ಸಿಕ್ಕಿಬೀಳುತ್ತಿದ್ದೆ. ನಿಮ್ಮ ಮನೆ ಒತ್ತೆಯಿದ್ದ ಕರಾರಿಗೇ ದ್ರೋಹ ಮಾಡಿ, ಆ ದ್ರೋಹವನ್ನು ನಿಮ್ಮ ಮನೆಯಲ್ಲೇ ಬಚ್ಚಿಟ್ಟೆ.

ಬುಧವಾರ ಫೈನಾನ್ಸಿನ ಆಕಾಶ ಬಂದ. ಒತ್ತೆಯಿಟ್ಟ ಮನೆಯ ಫೋಟೋ ವರ್ಷಕ್ಕೊಮ್ಮೆ ತೆಗೆಯಬೇಕಂತೆ. ಸೊಲ್ಲಾಪುರದವನೇ, ನಮ್ಮ ಮಾತೇ ಆಡುತ್ತಾನೆ. ಎಲ್ಲಾ ಕೋಣೆ ನೋಡುತ್ತ ಹಿಂದಿನ ಕೋಣೆಗೆ ಬಂದ. ನಾನು ಕಣಜಕ್ಕೆ ಬೆನ್ನು ಹಚ್ಚಿ ನಿಂತೆ. "ಇದರಾಗ ಏನೈತಿ ಮಾವಶಿ?" ಅಂದ. "ಜ್ವಾಳ" ಅಂದೆ. "ಎಂಟ ಲಕ್ಷದ್ದು ಇದರಾಗ ಹಿಡದೈತೇನು?" ಎಂದು ಚಾಷ್ಟಿ ಮಾಡಿದ. ಅವನು ಪಾವತಿಗಳನ್ನು ನೋಡಿದ್ದ ಅಷ್ಟೇ, ಬೇರೆ ಏನೂ ಅವನ ಮನಸ್ಸಿನಲ್ಲಿರಲಿಲ್ಲ. ನನಗೆ ಮಾತ್ರ ಬೆನ್ನಿನ ಹಿಂದಿನ ತಗಡು ಕಾದ ಹಂಚಿನ ಹಾಗಾಯಿತು. ಜೋಳ ಸಲಗರದಲ್ಲೇ ಇದೆ, ಇನ್ನೂ ತಂದಿಲ್ಲ ಅಂದೆ. "ಹಂಗಾರ ಸೋಮಾರ ಹೋಗಿ ಕಣ್ಣಲೇ ನೋಡಿ ಬರ್ತೀನಿ. ರೊಕ್ಕಾ ಮುಟ್ಟೇತೇನಂತ ರೈತಗೂ ಒಂದ್ ಮಾತ ಕೇಳಬೇಕಾಕ್ಕೈತಿ, ನೇಮ ಐತ್ರಿ" ಅಂದ. ನಾನು ಕೊಟ್ಟ ಚಹಾ ಕುಡಿದು ಹೋದ.

ಆಗ ತಲೆಗೆ ಹೊಳೆಯಿತು. ಅಮೋಗಸಿದ್ಧ ಪಾಡ್ಯಕ್ಕೆ ಮುಂಚೆ ದುಡ್ಡು ಮುಟ್ಟುವುದಿಲ್ಲ ಎಂಬುದು ಇಡೀ ಸಲಗರಕ್ಕೆ ಗೊತ್ತು. ಬಸ್ ಸ್ಟ್ಯಾಂಡಿನ ಚಹಾದವನೂ ಹೇಳಿಯಾನು. ಅವನು ದುಡ್ಡೇ ಮುಟ್ಟದ ದಿನವನ್ನು ಹುಡುಕಿ ನಾನು ಪಾವತಿ ಬರೆದಿದ್ದೆ.

ಗುರುವಾರ ಮೊದಲ ಎಸ್‌ಟಿಗೆ ಸಲಗರಕ್ಕೆ ಹೋದೆ. ಅಮೋಗಸಿದ್ಧ ಹಟ್ಟಿಯಲ್ಲಿ ಕುರಿಯ ಗೊರಸು ನೋಡುತ್ತ ಕುಳಿತಿದ್ದ, ಹಣೆಯ ತುಂಬ ಭಂಡಾರದ ಅರಿಶಿನ. "ಬರ್ರಿ ಬಾಯಾರ, ಹಬ್ಬ ಇನ್ನಾ ಐದ ದಿನ ಐತಲ್ರಿ" ಎಂದು ನಕ್ಕ. ಅವನ ಹೆಂಡತಿ ಸುಗಲಾಬಾಯಿ ಮಜ್ಜಿಗೆ ತರಲು ಒಳಗೆ ಹೋದಳು. ನಾನು ಎಲ್ಲಾ ಹೇಳಿದೆ. ಸೋಮವಾರ ಒಬ್ಬ ಬಂದು ಕೇಳುತ್ತಾನೆ, ದುಡ್ಡು ಮುಟ್ಟಿದೆ ಎಂದು ಒಂದು ಮಾತು ಹೇಳಿಬಿಡು ಅಂದೆ. ಅವನು ಬಹಳ ಹೊತ್ತು ಆ ಗೊರಸನ್ನೇ ಒರೆಸುತ್ತ ಕುಳಿತ. ಬೈದಿದ್ದರೆ ಬದುಕುತ್ತಿದ್ದೆ. "ಆಗ್ಲಿ ತಗೋರಿ. ನಿಮ್ಮ ಉಪ್ಪಿನ ಋಣ ಐತಿ. ಮುಟ್ಟೇತಿ ಅಂತೀನಿ" ಅಂದ, ನನ್ನ ಕಡೆ ನೋಡದೆ.

ಸುಗಲಾಬಾಯಿ ಮಜ್ಜಿಗೆಯ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಹಂಗ ಅನ್ನಾಂವ ಇದ್ರ ಮಂಗಳಾರ ನೀ ಗುಡಿಯೊಳಗ ಕಾಲ ಇಡಬ್ಯಾಡ" ಎಂದು ಗಂಡನಿಗೆ ಅಂದಳು. ನನ್ನ ಕಡೆ ತಿರುಗಿ, "ಅವ್ರು ನಿಮಗ ಅಂಜಸ್ತಾರ, ನೀವು ಬಂದು ನಮಗ ಅಂಜಸ್ತೀರಿ. ನಾವು ಯಾರಿಗೆ ಅಂಜಸೂಣ್ರಿ ಬಾಯಾರ, ಕುರಿಗೋಳಿಗೇನು?" ಅಂದಳು. ತಂಬಿಗೆ ತಿರುಗಿ ಒಳಗೆ ಒಯ್ದಳು. ಇಪ್ಪತ್ತು ವರ್ಷದಲ್ಲಿ ಆ ಮನೆಯಿಂದ ನಾನು ಬಾಯಿ ಒಣಗಿಸಿಕೊಂಡು ಬಂದದ್ದು ಅದೇ ಮೊದಲು.

ಏಳುವಾಗ ಅಮೋಗಸಿದ್ಧನಿಗೆ, ನೀನು ಏನೂ ಹೇಳಬೇಡ, ಕೇಳಿದರೆ ಖರೆನೇ ಹೇಳು ಅಂದೆ. ಬಸ್ಸಿನಲ್ಲಿ ಮಂಗಳವೇಢೆ ದಾಟುವ ತನಕ ಆ ಮಾತನ್ನು ವಾಪಸು ತೆಗೆದುಕೊಳ್ಳಲೇ ಎಂದು ಎಂಟು ಸಲ ಫೋನು ಕೈಗೆತ್ತಿಕೊಂಡೆ. ನಿಮ್ಮ ಮನೆ ಕಣ್ಣ ಮುಂದೆ ಬರುತ್ತಿತ್ತು. ಭಾವನವರು ಕಟ್ಟೆಯ ಮೇಲೆ ಕುಳಿತು ಇಟ್ಟಿಗೆಗೆ ನೀರು ಹೊಡೆಯುತ್ತಿದ್ದದ್ದು ಬರುತ್ತಿತ್ತು.

ನಿನ್ನೆ ಶುಕ್ರವಾರ ಆಕಾಶನಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದೆ. ಕೇಳಿದ್ದರೆ ನೀವು ನನ್ನನ್ನು ಕಾಯಲು ಹೋಗುತ್ತಿದ್ದಿರಿ. ಅವನು ಅಂದದ್ದು ಕೇಳಿ, ಅಕ್ಕಾ. "ಮಾವಶಿ, ಮಾರ್ಚದಾಗ ಒಂದ್ ಅರ್ಜಿ ಕೊಟ್ಟಿದ್ರ ಜ್ವಾಳದ ರೊಕ್ಕಾ ಬ್ಯಾರೆ ತಗದ ಇಡಾಕ ಪರವಾನಗಿ ಸಿಗತಿತ್ತು. ಅದಽ ಕಲಮಿನ ಕೆಳಗ ಬರದಾರ. ಯಾಕ ಕೇಳಲಿಲ್ರಿ?" ಕೇಳಿದರೆ ದುಡ್ಡಿದೆ ಎಂದು ಗೊತ್ತಾಗುತ್ತದಲ್ಲ ಎಂದು ಕೇಳಲಿಲ್ಲ. ಒಂದು ಅರ್ಜಿಯಲ್ಲಿ ಮುಗಿಯುವುದನ್ನು ಹೆದರಿಕೆ ಇಲ್ಲಿಗೆ ತಂದಿತು.

ಈಗ ಆಗಬೇಕಾದದ್ದು ಇಷ್ಟು. ಕಣಜದ ದುಡ್ಡು ಇವತ್ತು ಬ್ಯಾಂಕು ತೆರೆಯುತ್ತಲೇ ನಮ್ಮ ಖಾತೆಗೆ ತುಂಬಿ ಬಂದು ಇದನ್ನು ಬರೆಯುತ್ತಿದ್ದೇನೆ. ಸೋಮವಾರ ಆರು ಲಕ್ಷ ಅವರಿಗೆ ಹೋಗುತ್ತದೆ. ಉಳಿದ ಎರಡಕ್ಕೆ ಎಷ್ಟು ಬರುತ್ತದೋ ಅಷ್ಟೇ ಜೋಳ, ಬಾಕಿಯದನ್ನು ಬೇರೆಯವರಿಗೆ ಮಾರಿಕೋ ಎಂದು ಅಮೋಗಸಿದ್ಧನಿಗೆ ಹೇಳಿದ್ದೇನೆ. ಸೋಮವಾರ ಹನ್ನೊಂದಕ್ಕೆ ಸೊಲ್ಲಾಪುರದ ಅವರ ಕಚೇರಿಯಲ್ಲಿ ಪಾಲುದಾರರಿಬ್ಬರೂ ಬಂದು ತಪ್ಪೊಪ್ಪಿಗೆಗೆ ಸಹಿ ಮಾಡಿದರೆ, ಇಡೀ ಸಾಲ ತಿರುಗಿ ಕೇಳಬೇಡಿ ಎಂದು ಆಕಾಶ ಪುಣೆಗೆ ಬರೆಯುತ್ತಾನೆ. "ಶಿಫಾರಸ ಮಾಡ್ತೀನಿ, ಖಾತ್ರಿ ಮಾತ್ರ ಕೇಳಬ್ಯಾಡ್ರಿ" ಅಂದಿದ್ದಾನೆ. ಒಬ್ಬರ ಸಹಿ ನಡೆಯುವುದಿಲ್ಲ. ನೀವು ಬರದಿದ್ದರೆ ಮನೆಗೆ ನೋಟೀಸು ಹಚ್ಚುತ್ತಾರೆ.

ಕಾಗದದಲ್ಲಿ "ನಜರಚುಕಿಯಿಂದ ಆಗಿದೆ", ಅಂದರೆ ಕಣ್ತಪ್ಪಿನಿಂದ ಆಗಿದೆ ಎಂದು ಬರೆಯಿರಿ, ಹಗುರಾಗುತ್ತದೆ ಎಂದು ಅವನೇ ಹೇಳಿಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಹಾಗೆ ಬರೆದರೆ ತಪ್ಪು ಇಬ್ಬರದೂ ಆಗುತ್ತದೆ. ನಾನು ಹೀಗೆ ಬರೆದಿದ್ದೇನೆ: "ಐದೂ ಪಾವತಿ ಸುಳ್ಳು. ಗಿರಿಜಾಬಾಯಿ ತಿಳಿದೇ ಬರೆದಿದ್ದಾಳೆ. ಪಾಲುದಾರಳಾದ ರತ್ನಾಬಾಯಿಗೆ ಇದರ ಸುದ್ದಿ ಇರಲಿಲ್ಲ." ನಿಮ್ಮ ಸಹಿ ಇದರ ಕೆಳಗೆ ಬೀಳಬೇಕು. ನನ್ನ ಸುಳ್ಳಿಗೆ ನೀವೇ ಸಾಕ್ಷಿಯಾಗಬೇಕು. ಒಂದೇ ಮನೆಗೆ ಸೊಸೆಯಾಗಿ ಬಂದ ನಾವಿಬ್ಬರೂ ಊರ ಮುಂದೆ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟವರಲ್ಲ. ನನಗೆ ಗೊತ್ತು, ನೀವು ಪೆನ್ನು ಕೆಳಗಿಟ್ಟು "ನನಗೂ ಗೊತ್ತಿತ್ತ ಬಿಡ್ರಿ" ಅಂದುಬಿಡುವಂಥವರು. ಅಕ್ಕಾ, ಕೈಮುಗಿಯುತ್ತೇನೆ, ಹಾಗೆ ಅನ್ನಬೇಡಿ. ಅಮೋಗಸಿದ್ಧ ನನಗಾಗಿ ಸುಳ್ಳಾಡಲು ಒಪ್ಪಿದಾಗಿನ ಅವನ ಮುಖ ನೋಡಿಬಂದಿದ್ದೇನೆ. ನಿಮ್ಮ ಮುಖ ಹಾಗಾದದ್ದನ್ನು ನೋಡಲಾರೆ.

ಸಹಿ ಮಾಡುವಾಗ ನನ್ನ ಕಡೆ ತಿರುಗಬೇಡಿ, ಕೈ ನಿಂತೀತು. ಕಾಗದ ನೋಡಿ ಮಾಡಿ.

ಆಮೇಲೆ ಬೈಯುವುದಿದ್ದರೆ ಕಚೇರಿಯ ಮೆಟ್ಟಿಲಿಳಿದು, ರಸ್ತೆಯಲ್ಲೇ ಬೈಯಿರಿ, ಎಲ್ಲರೂ ಕೇಳಲಿ. ಭಾವನವರ ಮನೆಯಲ್ಲಿ ನಿಮ್ಮ ದೀಪ ನಿಮ್ಮ ಕೈಯಿಂದಲೇ ಹಚ್ಚುವಂತಾಗಲಿ, ದೇವರು ನಿಮಗೆ ಅಷ್ಟು ಕೊಡಲಿ. ನನಗೇನೂ ಬೇಡುವ ಮುಖವಿಲ್ಲ.

ಸೋಮವಾರ ಹತ್ತು ಗಂಟೆಯಿಂದಲೇ ಕಚೇರಿಯ ಬಾಗಿಲಲ್ಲಿ ನಿಂತಿರುತ್ತೇನೆ.

ನಿಮ್ಮ ಪಾದ ಮುಟ್ಟಿ,
ಗಿರಿಜಾ