ಮಂಚದ ಪಕ್ಕದ ಬೂಟು

ರೀ,
ನೀವು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನಾನು ಕೆಲಸಕ್ಕೆ ಹೊರಟಿರ್ತೀನಿ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ಊರಿನ ಬೆಂಕಿಯೆಲ್ಲ ಆರಿಸಿ ಬಂದು ಮನೆ ಒಲೆ ಆರಿಸೋದು ಮರೀಬೇಡಿ.

ಹೊಗೆ ನಾತದ ಅಂಗಿ ಬಕೆಟ್ಟಿಗೆ ಹಾಕಿ, ನನ್ನ ಕುರ್ಚಿ ಮೇಲಲ್ಲ.

ಇನ್ನೊಂದು. ಕರೆ ಬಂದ ತಕ್ಷಣ ಕಾಲು ತೂರಿಸೋಕೆ ಅಂತ ಪ್ಯಾಂಟನ್ನ ಬೂಟಿಗೇ ಸಿಕ್ಕಿಸಿ ನಿಲ್ಲಿಸೋದು ನಿಮ್ಮ ಸ್ಟೇಷನ್ ರೂಢಿ. ಮನೇಲಿರೋ ಇನ್ನೊಂದು ಜೊತೆನೂ ಮಂಚದ ಪಕ್ಕ ಹಾಗೇ ಯಾಕೆ? ಇಲ್ಲಿ ನಿಮ್ಮನ್ನ ಕರೆಯೋರು ನಾನೊಬ್ಬಳೇ. ಬೆಳಗ್ಗೆ ನಿದ್ದೆಗಣ್ಣಲ್ಲಿ ನೀವೇ ಅಂದ್ಕೊಂಡು, "ಯಾವಾಗ ಬಂದ್ರಿ?" ಅಂತ ಬೂಟನ್ನ ಕೇಳಿಬಿಟ್ಟೆ.

ಸಿಟ್ಟಲ್ಲಿ ಎತ್ತಿಡೋಕೆ ಹೋದೆ, ಮನಸ್ಸು ಬರಲಿಲ್ಲ. ನನ್ನ ಮಗ್ಗುಲಿಗೆ ಸರಿಸಿದ್ದೀನಿ. ಅಲ್ಲೇ ಇರಲಿ.