ಜೀರಿಗೆ ಹಾಕದ ಮನೆ

ಕೆ.ಆರ್. ಪುರ
10 ಜೂನ್ 2025, ಮಂಗಳವಾರ

ಪ್ರೀತಿಯ ತಾತಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಚಿಕೊಂಡು ಕೂರುತ್ತೀರೆಂದು ಮಾಲೂರಿನಿಂದ ಅತ್ತೆ ದಿನಾ ಅಪ್ಪನಿಗೆ ದೂರು ಹೇಳುತ್ತಾರೆ. ವ್ಯಾಯಾಮ ಮಾಡಿಸಲು ಬಂದವನನ್ನು ಗದರಿಸಿ ಕಳಿಸಿದಿರಂತೆ. ಅವನ ಮಾತು ಕೇಳಿ ತಾತಾ, ಬೇಗ ನಡೆದಾಡುವಂತಾಗಲಿ. ಅಜ್ಜಿ ಚೆನ್ನಾಗಿದ್ದಾರೆ. ಬಯ್ಯಲು ನೀವು ಸಿಗದೆ ಟಿವಿಯಲ್ಲಿ ಬರುವವರನ್ನು ಬಯ್ಯುತ್ತಿದ್ದಾರೆ. ಫೋನಿನಲ್ಲಿ ಹೇಳುವುದು ಬಿಟ್ಟು ಇದೇನು ಕಾಗದ ಎನ್ನಬೇಡಿ. ನಿಮ್ಮ ಕಿವಿಗೆ ಬೀಳುವಷ್ಟು ಜೋರಾಗಿ ಹೇಳಿದರೆ ನಮ್ಮ ಬೀದಿಗೆಲ್ಲ ಕೇಳುತ್ತದೆ. ನಾಳೆ ಲಿಖಿತಣ್ಣ ನಿಮ್ಮ ಮಾತ್ರೆ ತರುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅತ್ತೆಯ ಹತ್ತಿರ ಓದಿಸಬೇಡಿ, ಕನ್ನಡಕ ಹುಡುಕಿಕೊಂಡು ನೀವೇ ಓದಿ.

ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ಸುದ್ದಿ ನಿಮಗೆ ಮುಟ್ಟಿದೆ. ಹುಡುಗ ವಸಂತ್, ವರ್ತೂರಿನ ಕಡೆಯವನು, ಇಂದಿರಾನಗರದ ಲ್ಯಾಬಿನಲ್ಲಿ ನನ್ನ ಜೊತೆಗೇ ಕೆಲಸ. ನೋಡುವುದೆಲ್ಲ ಹೆಸರಿಗಷ್ಟೇ, ನಾವಿಬ್ಬರೂ ಒಪ್ಪಿ ಆಗಿದೆ. ಜಾತಕ ಕೂಡಿದೆ, ನಮ್ಮವರೇ ಎಂದು ಅಪ್ಪನಿಗೂ ಸಮಾಧಾನ. ಆಷಾಢ ಹಿಡಿಯುವುದರೊಳಗೆ ಮಾತು ಮುಗಿಸೋಣವೆಂದು ಎರಡೂ ಮನೆಯವರಿಗೆ ಅವಸರ. ಬೆಡಗು ಯಾವುದು, ಯಾವ ಕುಲದವರು ಎಂಬುದನ್ನು ಮಾತ್ರ ಇನ್ನೂ ಯಾರೂ ಕೇಳಿಲ್ಲ. "ಅದೆಲ್ಲಾ ನಮ್ಮಪ್ಪ ಬಂದ್ಮೇಲೆ, ಅವರೇ ಹೇಳ್ತಾರೆ" ಎಂದು ಅಪ್ಪ ನಿಮ್ಮ ಮೇಲೆ ಹಾಕಿದ್ದಾರೆ. ಈ ಕಾಗದ ಬರೆಯುತ್ತಿರುವುದು ಅದಕ್ಕೇ. ತಾತಾ, ವಸಂತನ ಮನೆಯವರೂ ಜೀರಿಗೆಯ ಬೆಡಗಿನವರು. ನಮ್ಮ ಹಾಗೆಯೇ ಜೀರಿಗೆ ತಿನ್ನುವುದಿಲ್ಲ. ಒಂದೇ ಬೆಡಗಿನವರು ಒಡಹುಟ್ಟಿದವರ ಹಾಗೆ, ಮದುವೆಯಾಗುವಂತಿಲ್ಲ ಎನ್ನುವ ನಿಮ್ಮ ಲೆಕ್ಕದಲ್ಲಿ ಅವನು ನನಗೆ ಅಣ್ಣನಾಗಬೇಕು. ಇದು ಗೊತ್ತಿರುವುದು ನನಗೆ ಮತ್ತು ನನ್ನ ಗೆಳತಿ ಮೋನಿಷಾಗೆ ಮಾತ್ರ.

ನನಗೆ ಹೇಗೆ ಗೊತ್ತಾಯಿತೆಂದು ಹೇಳಬೇಕಾದರೆ ನಮ್ಮ ಶನಿವಾರದ ತಿರುಗಾಟದಿಂದ ಶುರುಮಾಡಬೇಕು. ಶನಿವಾರ ಬೆಳಗ್ಗೆ ಆರಕ್ಕೇ ನಮ್ಮ ಶಿಫ್ಟ್. ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆದು ತೆಗೆದು ಹನ್ನೊಂದಕ್ಕೆ ಹೊರಗೆ ಬರುವಷ್ಟರಲ್ಲಿ ನಮ್ಮ ಹೊಟ್ಟೆ ಅವರಿಗಿಂತ ಖಾಲಿ. ವಾರಕ್ಕೊಂದು ಹೊಸ ಜಾಗದಲ್ಲಿ ತಿನ್ನಬೇಕೆಂದು ನಾನು, ಜೋಗುಪಾಳ್ಯದ ಮೋನಿಷಾ, ಶಿವಾಜಿನಗರದ ಸಾಮಿಯಾ ಮಾತಾಡಿಕೊಂಡಿದ್ದೆವು. ಇಂದಿರಾನಗರದಲ್ಲಿ ಟಿಬೆಟ್ಟಿನವರ ಸೂಪು, ಮಲಯಾಳಿಗಳ ಪುಟ್ಟು, ಒಡಿಶಾದವರ ಮೀನೂಟ, ಸಾಮಿಯಾಳ ಚಿಕ್ಕಮ್ಮ ಮೆಹರುನ್ನೀಸಾ ಮನೆಯ ಖೀಮಾ, ಎಲ್ಲ ಆಯಿತು. ನೀವು ಹೇಳಿಕೊಟ್ಟ ಹಾಗೆಯೇ ನಡೆದುಕೊಂಡೆ ತಾತಾ. ಅರೆದು ಹಾಕಿದ್ದು ನಮಗೆ ತಿಳಿಯುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಮಾತ್ರ ತಿನ್ನಬೇಡ ಎಂದಿದ್ದಿರಲ್ಲ, ಕಂಡ ಜೀರಿಗೆಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಏಕೆಂದು ಕೇಳಿದರೆ ಸೇರುವುದಿಲ್ಲ ಎನ್ನುತ್ತಿದ್ದೆ. ಬೆಡಗಿನ ಕಥೆ ಹೇಳಿದ್ದರೆ ನಗುತ್ತಿದ್ದರು.

ಜನವರಿಯಲ್ಲಿ ವಸಂತ್ ಲ್ಯಾಬಿಗೆ ಸೇರಿ ನಮ್ಮ ಗುಂಪಿಗೂ ಸೇರಿಕೊಂಡ. ಮಾತು ಕಡಿಮೆ. ಹೋಟೆಲಿನಲ್ಲಿ ಎಲ್ಲರಿಗೂ ಬಡಿಸಿ ಆಮೇಲೆ ತಾನು ತಿನ್ನುತ್ತಾನೆ. ಎರಡೇ ತಿಂಗಳಲ್ಲಿ ನನಗೆ ಶನಿವಾರ ಯಾವಾಗ ಬರುತ್ತದೋ ಎನಿಸತೊಡಗಿತ್ತು. ಮಾರ್ಚಿನಲ್ಲಿ ಒಂದು ಶನಿವಾರ ಮೋನಿಷಾ ನಮ್ಮನ್ನು ಹಲಸೂರಿನ ಒಂದು ಸಣ್ಣ ಮೆಸ್ಸಿಗೆ ಕರೆದೊಯ್ದಳು. ಸಾಮಿಯಾಗೆ ರಂಜಾನ್ ಉಪವಾಸ, ಬಂದಿರಲಿಲ್ಲ. ತುಪ್ಪ ಸುರಿದ ಬಿಸಿ ಪೊಂಗಲ್ ಬಂತು, ಮೇಲೆಲ್ಲ ಮೆಣಸು, ಜೀರಿಗೆ. ನಾನು ಇನ್ನೂ ಆರಿಸಲು ಬೆರಳಿಟ್ಟಿರಲಿಲ್ಲ, ವಸಂತ್ ಎಲೆಯನ್ನು ಪಕ್ಕಕ್ಕೆ ಸರಿಸಿ, "ಸಾರಿ, ನಮ್ಮನೇಲಿ ಜೀರಿಗೆ ತಿನ್ನಲ್ಲ, ನಮ್ ಬೆಡಗು ಅದು" ಎಂದ. ಮೋನಿಷಾ ನನ್ನ ಕಡೆ ತಿರುಗಿ, "ಏಯ್, ನೀನೂ..." ಎಂದು ಬಾಯಿ ತೆರೆದಳು. ಅವಳ ಮಾತು ಮುಗಿಯುವ ಮೊದಲೇ ನಾನು ದೊಡ್ಡ ತುತ್ತು ತೆಗೆದು ಬಾಯಿಗೆ ಹಾಕಿಕೊಂಡೆ. ಜೀರಿಗೆ ಸಮೇತ. ಅವನ ಮುಖ ನೋಡುತ್ತಲೇ ಅಗಿದು ನುಂಗಿದೆ. ಅದು ರುಚಿಯಾಗಿತ್ತು ತಾತಾ, ನನಗೆ ಅಳು ಬಂದದ್ದು ಅದಕ್ಕೆ.

ಅಂದಿನಿಂದ ಪ್ರತಿ ಶನಿವಾರ ಅವನೆದುರು ಜೀರಿಗೆ ತಿನ್ನುತ್ತಿದ್ದೇನೆ. ನಾನೇ ಕೇಳಿ ಜೀರಾ ರೈಸ್ ತರಿಸಿಕೊಂಡಿದ್ದೇನೆ. ಮನೆಗೆ ಬಂದು ದೇವರ ಮುಂದೆ ನಿಲ್ಲಲು ನಾಚಿಕೆ. ಮೋನಿಷಾಗೆ ಎಲ್ಲ ಹೇಳಿದಾಗ ಅವಳು ನಕ್ಕಳು. "ನಮ್ಮಲ್ಲಿ ಸ್ವಂತ ಮಾಮನ್ನೇ ಕಟ್ಕೋತೀವಿ, ನೀವ್ ಒಂದು ಜೀರಿಗೆಗೆ ಹೆದರ್ತೀರಲ್ಲೇ" ಎಂದಳು. ನನಗೆ ತಕ್ಷಣ ನಿಮ್ಮ ನೆನಪಾಯಿತು. ಅಜ್ಜಿ ನಿಮ್ಮ ಸ್ವಂತ ಅಕ್ಕನ ಮಗಳಲ್ಲವೇ? ಮಡಿಲಲ್ಲಿ ಆಡಿಸಿದ ಮಗುವನ್ನೇ ಕಟ್ಟಿಕೊಂಡೆ ಎಂದು ನೀವೇ ಹಬ್ಬದ ದಿನ ಎಲ್ಲರ ಮುಂದೆ ಹೇಳಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತೀರಿ. ಅದು ಸರಿಯಾದರೆ, ನನ್ನ ಊರೂ ಅಲ್ಲದ, ನಮ್ಮ ವಂಶದಲ್ಲಿ ಯಾರೂ ಹೆಸರು ಕೇಳದ ಒಬ್ಬ ಹುಡುಗ ನನಗೆ ಅಣ್ಣ ಹೇಗಾಗುತ್ತಾನೆ? ಸಿಟ್ಟಿನಿಂದ ಬರೆಯುತ್ತಿದ್ದೇನೆ, ಕ್ಷಮಿಸಿ. ಆದರೆ ಉತ್ತರ ಬೇಕು.

ಮೇ ತಿಂಗಳ ಕೊನೆಯ ಶನಿವಾರ ಸಿಕ್ಕಿಬೀಳುವುದರಲ್ಲಿದ್ದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಪಲಾವ್ ತಿನ್ನುತ್ತಿದ್ದೆವು. ಸಾಮಿಯಾ ನನ್ನ ತಟ್ಟೆ ನೋಡಿ, "ಅರೇ, ಮೊದ್ಲು ಒಂದೊಂದೇ ಜೀರಾ ಎತ್ತಿಡ್ತಿದ್ದೆ, ಈಗೇನಾಯ್ತು ನಿಂಗೆ?" ಎಂದುಬಿಟ್ಟಳು. ವಸಂತ್ ತಲೆ ಎತ್ತಿ ನನ್ನನ್ನೇ ನೋಡಿದ. ಗ್ಯಾಸ್ಟ್ರಿಕ್ ಆಗಿತ್ತು, ಜೀರಿಗೆ ತಿನ್ನಲು ಡಾಕ್ಟರ್ ಹೇಳಿದ್ದಾರೆ ಎಂದೆ. ಮೋನಿಷಾ ನೀರಿನ ಲೋಟದಲ್ಲಿ ಮುಖ ಮುಚ್ಚಿಕೊಂಡಳು. ಅವನು ನಂಬಿದ. ನಂಬಿ, "ಮೊದ್ಲೇ ಹೇಳ್ಬಾರ್ದಾ, ಖಾರ ಕಮ್ಮಿ ಹಾಕಿಸ್ತಿದ್ದೆ" ಎಂದ. ಅಂಥವನಿಗೆ ಸುಳ್ಳು ಹೇಳಿದೆನಲ್ಲಾ ಎಂದು ಮನೆ ಸೇರುವವರೆಗೂ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಈಗ ಭಾನುವಾರ ಏನಾಗುತ್ತದೆ ನೋಡಿ. ಊಟಕ್ಕೆ ಕೂತ ಕೂಡಲೇ ಅವನ ಅಮ್ಮ ಸಾರಿಗೆ ಜೀರಿಗೆ ಹಾಕಿದ್ದೀರಾ ಎಂದು ಕೇಳುತ್ತಾರೆ. ನಮ್ಮಮ್ಮ ಹೆಮ್ಮೆಯಿಂದ, ನಮ್ಮ ಮನೆಗೆ ಜೀರಿಗೆ ತರುವುದೇ ಇಲ್ಲ ಎನ್ನುತ್ತಾರೆ. ಅಲ್ಲಿಗೆ ನನ್ನ ಮದುವೆಯ ಮಾತು ಮುಗಿಯಿತು. ಅದಕ್ಕೇ ನಿಮ್ಮಲ್ಲಿ ಎರಡು ಕೋರಿಕೆ. ಮೊದಲ ಸಲ ಬರುವವರಿಗೆ ಊಟ ಬೇಡ, ಕೇಸರಿಬಾತು ಕಾಫಿ ಸಾಕು ಎಂದು ಅಪ್ಪನಿಗೆ ಹೇಳಿ ಕಳಿಸಿ. ನಿಮ್ಮ ಮಾತನ್ನು ಅಪ್ಪ ತೆಗೆದುಹಾಕುವುದಿಲ್ಲ. ಇನ್ನೊಂದು, ಅವರು ಬೆಡಗು ಕೇಳಿದರೆ ನೆನಪಿಲ್ಲ ಎಂದುಬಿಡಿ. ಎಂಬತ್ತೆರಡರ ಮುದುಕರನ್ನು ಯಾರೂ ಮತ್ತೆ ಕೆದಕುವುದಿಲ್ಲ. ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸುವುದು ತಪ್ಪೆಂದು ಗೊತ್ತು. ನನಗೆ ಬೇರೆ ದಾರಿ ಕಾಣುತ್ತಿಲ್ಲ ತಾತಾ.

ಶನಿವಾರ ಲಿಖಿತಣ್ಣನೇ ಕಾರು ತರುತ್ತಾನೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಬನ್ನಿ. ಅತ್ತೆ, ಮಾವನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಆಪರೇಷನ್ ಆಗದ ಕಾಲಿಗೆ.

ನಿಮ್ಮ ಮುದ್ದಿನ ಮೊಮ್ಮಗಳು,
ರಮ್ಯಶ್ರೀ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ನಡೆದದ್ದು. ಲಕೋಟೆ ಅಂಟಿಸುವಷ್ಟರಲ್ಲಿ ವಸಂತನ ಅಮ್ಮನ ಫೋನ್ ಬಂತು. "ನಾವು ಜೀರಿಗೆ ತಿನ್ನಲ್ಲ ಕಣಮ್ಮಾ, ನಿಮ್ಮಮ್ಮಂಗೆ ಒಂದ್ಮಾತು ಹೇಳ್ಬಿಡು. ನಮ್ಮಿಂದ ನಿಮಗೆ ತೊಂದ್ರೆ" ಎಂದು ಎಷ್ಟು ಸಂಕೋಚದಿಂದ ಹೇಳಿದರು ಗೊತ್ತೇ? ಆಗಲಿ ಆಂಟಿ ಎಂದರೆ ಸಾಕಿತ್ತು. "ತೊಂದ್ರೆ ಏನಿಲ್ಲ ಆಂಟಿ, ನಮ್ಮನೇಲೂ ತಿನ್ನಲ್ಲ" ಎಂದುಬಿಟ್ಟೆ. ನಿಮ್ಮದೂ ಅದೇ ಬೆಡಗೇ ಎಂದು ಕೇಳಿದರು, ಹೌದೆಂದೆ. "ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದರು. ಗೊತ್ತಿತ್ತು, ವಸಂತನಿಗೆ ಗೊತ್ತಿಲ್ಲ, ಮುಚ್ಚಿಟ್ಟವಳು ನಾನೇ ಎಂದೆ. ಫೋನ್ ಇಟ್ಟರು. ಈಗ ವಸಂತನ ಫೋನ್ ಬರುತ್ತಿದೆ, ಇದನ್ನು ಮುಗಿಸಿಯೇ ತೆಗೆಯುತ್ತೇನೆ. ಮೇಲೆ ಬರೆದದ್ದನ್ನು ಹರಿದುಹಾಕುತ್ತಿಲ್ಲ, ನಿಮ್ಮಿಂದ ಏನು ಮಾಡಿಸಲು ಹೊರಟಿದ್ದೆ ಎಂಬುದು ನಿಮಗೂ ತಿಳಿದಿರಲಿ. ಇನ್ನು ನೀವು ಸುಳ್ಳು ಹೇಳಬೇಕಾಗಿಲ್ಲ. ಆದರೆ ಈ ಮದುವೆ ಆಗಬಹುದೋ ಆಗಬಾರದೋ ಎಂದು ಎರಡೂ ಮನೆಯವರು ಕೇಳುವುದು ನಿಮ್ಮನ್ನೇ. ಬೇಡ ಎನ್ನುವುದಾದರೆ ಮಾಲೂರಿನಿಂದ ಹೇಳಿ ಕಳಿಸಬೇಡಿ ತಾತಾ. ಇಲ್ಲಿಗೆ ಬಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿ.